ಒಂದು ಗಂಟೆಯ ದನಿ

ನಮ್ಮ ಪ್ರಯೋಗಾಲಯದಲ್ಲಿ ದಿನಕ್ಕೊಂದು ಸಲವಾದರೂ ನನ್ನ ದನಿ ಕೇಳುತ್ತದೆ. ‘ಗಮನಿಸಿ. ಒತ್ತಡ ಏರುತ್ತಿದೆ. ಎಲ್ಲರೂ ಹೊರಗೆ ನಡೆಯಿರಿ.’ ಹೀಗೆ ಮೂರು ಬಾರಿ. ಒಳಗಿದ್ದವರು ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಇಟ್ಟು ಹೊರಡುತ್ತಾರೆ, ಉಕ್ಕಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಮೂರಡಿ ದಪ್ಪದ ಕಾಂಕ್ರೀಟ್ ಗೋಡೆಯ ಈಚೆಗಿನ ಕಂಟ್ರೋಲ್ ರೂಮಿನಲ್ಲಿ ನಾನೊಬ್ಬಳು ಉಳಿಯುತ್ತೇನೆ. ವಸ್ತುಗಳನ್ನು ಒತ್ತಿ ಗಟ್ಟಿ ಮಾಡುವ ಪ್ರೆಸ್ಸಿನ ಆಪರೇಟರ್ ನಾನು. ಹೆಸರು ತಿಪ್ಪೇರುದ್ರಮ್ಮ. ಅಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿಲ್ಲ, ರುದ್ರಮ್ಮ ಅನ್ನುತ್ತಾರೆ.

ಆ ಮಾತುಗಳನ್ನು ಹನ್ನೊಂದು ವರ್ಷದ ಹಿಂದೆ ಮೈಕಿನ ಮುಂದೆ ನಿಂತು ಓದಿದವಳು ನಾನೇ. ಕೆಲಸಕ್ಕೆ ಸೇರಿದ ಹೊಸದು, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕಾಲ. ಆಮೇಲೆ ಗಂಟಲಿಗೆ ಕ್ಯಾನ್ಸರ್ ಬಂತು. ಎಲೆ ಅಡಿಕೆ ಮುಟ್ಟಿದವಳಲ್ಲ, ಹೊಗೆಸೊಪ್ಪಿನ ವಾಸನೆ ಕಂಡರಾಗದು, ಆದರೂ ಬಂತು. ಎರಡು ವರ್ಷದ ಹಿಂದೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದು, ಕುತ್ತಿಗೆಯ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ತೂತು ಬಿಟ್ಟು ಆಸ್ಪತ್ರೆಯಿಂದ ಕಳಿಸಿದರು. ಉಸಿರಾಟವೆಲ್ಲ ಈಗ ಅಲ್ಲಿಂದಲೇ. ಬಾಯಿ ಇರುವುದು ಊಟಕ್ಕೆ ಮಾತ್ರ.

ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ಕ್ಯಾಂಟೀನಿನವನು ನನ್ನ ಮುಖದ ಹತ್ತಿರಕ್ಕೇ ಬಂದು ಚಿತ್ರಾನ್ನ ಸಾಕಾ ಎಂದು ಕೂಗುತ್ತಾನೆ. ಉಳಿದವರು ಮೊದಲ ಕೆಲವು ತಿಂಗಳು ಮಾತಾಡಿಸಿದರು. ನಾನು ಸ್ಲೇಟು ತೆಗೆದು ಬರೆದು ಮುಗಿಸುವ ತನಕ ಕಾಯುವುದು ಯಾರಿಗೂ ಸುಲಭವಲ್ಲ. ಒಂದೆರಡು ಸಲ ಕಾದರು, ಆಮೇಲೆ ನಕ್ಕು ಮುಂದೆ ಹೋಗುವುದನ್ನು ಕಲಿತರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಾವಿರುವುದು ಚಳ್ಳಕೆರೆಯ ಹೊರಗೆ, ಹುಲ್ಲುಗಾವಲಿನ ನಡುವೆ ಕಟ್ಟಿದ ಕ್ವಾರ್ಟರ್ಸಿನಲ್ಲಿ. ಬಾಗಿಲು ತೆರೆದರೆ ಒಣಹುಲ್ಲು, ಗಾಳಿಯಂತ್ರಗಳ ಸಾಲು, ಆಗೊಮ್ಮೆ ಈಗೊಮ್ಮೆ ಒಂದು ಕುರಿಮಂದೆ. ಮನೆಯಲ್ಲಿ ನಾನು ಮತ್ತು ನನ್ನಕ್ಕ ಬೋರಮ್ಮ. ಅವಳು ನನಗಿಂತ ಹದಿನಾರು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಅವಳೇ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತ ನನ್ನನ್ನು ಡಿಪ್ಲೊಮಾ ತನಕ ಓದಿಸಿದಳು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದು ಈಗ ಐದು ವರ್ಷ.

ಅವಳಿಗೆ ಕಾಣಿಸುವುದಿಲ್ಲ, ನನಗೆ ಮಾತಿಲ್ಲ. ಸ್ಲೇಟಿನಲ್ಲಿ ಬರೆದರೆ ಅವಳು ನೋಡಲಾರಳು. ಅಂಗೈ ಮೇಲೆ ಅಕ್ಷರ ಬರೆದು ತಿಳಿಸೋಣವೆಂದರೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಾಗಾಗಿ ತೋಳು ತಟ್ಟುವ ಒಂದು ಪದ್ಧತಿ ಮಾಡಿಕೊಂಡೆವು. ಒಂದು ತಟ್ಟಿದರೆ ಊಟ, ಎರಡು ತಟ್ಟಿದರೆ ಹೋಗಿ ಬರುತ್ತೇನೆ, ಮೂರು ತಟ್ಟಿದರೆ ಮಾತ್ರೆ ನುಂಗು. ಇಷ್ಟರಲ್ಲಿ ಸಂಸಾರವೇನೋ ನಡೆಯುತ್ತದೆ. ಆದರೆ ಬೆಳಿಗ್ಗೆ ದಾರಿಯಲ್ಲಿ ಕೃಷ್ಣಮೃಗವೊಂದು ಮರಿ ಹಾಕಿದ್ದನ್ನು ಕಂಡೆ, ಮರಿ ಎದ್ದು ನಿಲ್ಲಲು ಒದ್ದಾಡುತ್ತಿತ್ತು ಎಂದು ಹೇಳುವುದಕ್ಕೆ ಎಷ್ಟು ತಟ್ಟಬೇಕು?

ಫೋನಿನಲ್ಲಿ ಬರೆದರೆ ಅದು ಓದಿ ಹೇಳುತ್ತದೆ, ನಿಜ. ತಂದ ದಿನವೇ ಅಕ್ಕ ಮುಖ ಸಿಂಡರಿಸಿದಳು. ನೀವು ಕರೆ ಮಾಡಿದ ಚಂದಾದಾರರು ಸಿಗುತ್ತಿಲ್ಲ ಎನ್ನುವ ಹೆಂಗಸೂ ಇವಳೂ ಒಬ್ಬಳೇ ಎಂಬುದು ಅವಳ ತೀರ್ಮಾನ. ಆ ಯಮ್ಮನನ್ನು ಮನೆಗೆ ಕರೆದುಕೊಂಡು ಬರಬೇಡ ಅಂದುಬಿಟ್ಟಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಾತಾಡುವವಳು ಅವಳೊಬ್ಬಳೇ. ಉತ್ತರ ಬಾರದ ಮಾತನ್ನು ಎಷ್ಟು ದಿನ ಆಡಿಯಾಳು? ವರ್ಷ ಕಳೆಯುವಷ್ಟರಲ್ಲಿ ಅವಳೂ ಸುಮ್ಮನಾದಳು. ರಜೆಯ ದಿನ ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತಿರುತ್ತಿದ್ದೆವು. ಅವಳು ಶೇಂಗಾ ಸುಲಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಒಬ್ಬಳೇ ಇರುವುದು ನನಗೆ ಕಷ್ಟವಲ್ಲ, ಪ್ರೆಸ್ಸಿನ ಪಕ್ಕದಲ್ಲಿ ರೂಢಿಯಾಗಿದೆ. ಅಕ್ಕನ ಪಕ್ಕದಲ್ಲಿ ಕೂತು ಒಬ್ಬಳೇ ಇರುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಆಗ ಬಂದವರು ಡಾಕ್ಟರ್ ಐತಾಳರು. ಔಷಧಿ ಕೊಡುವ ಡಾಕ್ಟರಲ್ಲ, ಸೆರಾಮಿಕ್ ವಿಜ್ಞಾನಿ. ಕುಂದಾಪುರದ ಕಡೆಯವರು, ಮೀನಿಲ್ಲದ ಊರಿಗೆ ಬಂದೆನೆಂಬ ಕೊರಗು ಅವರಿಗಿರಲಿಲ್ಲ, ಸಮುದ್ರವಿಲ್ಲದ ಊರಿಗೆ ಬಂದೆನೆಂಬ ಕೊರಗಿತ್ತು. ಇಲ್ಲಿಗೆ ಬರುವ ಎಷ್ಟೋ ವರ್ಷ ಮೊದಲಿಂದ ಅವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಹಾರ್ಮೋನಿಯಂ ಒಳಗಿರುತ್ತದಲ್ಲ ರೀಡು, ಗಾಳಿ ತಾಗಿದರೆ ನಡುಗಿ ಸ್ವರ ಹೊರಡಿಸುವ ತೆಳ್ಳನೆಯ ಪಟ್ಟಿ, ಅಂಥದೊಂದನ್ನು ಗಂಟಲು ಕಳೆದುಕೊಂಡವರ ಕುತ್ತಿಗೆಯ ತೂತಿನ ಮುಂದೆ ಕೂರಿಸಿದರೆ? ಉಸಿರು ಬಿಟ್ಟಾಗ ಅದು ನಡುಗಬೇಕು, ಸ್ವರ ಸಣ್ಣ ನಳಿಕೆಯೊಂದರಲ್ಲಿ ಬಾಯಿಗೆ ಹೋಗಬೇಕು, ನಾಲಗೆ ತುಟಿಗಳು ಅದನ್ನು ಮಾತು ಮಾಡಬೇಕು. ಇದು ಹಳೆಯ ಉಪಾಯವೇ. ಆದರೆ ಪ್ಲಾಸ್ಟಿಕ್ ರೀಡಿನಿಂದ ಬರುವುದು ಮಕ್ಕಳ ಪೀಪಿಯ ದನಿ. ಲೋಹದ್ದು ಎಲ್ಲರಿಗೂ ಒಂದೇ ದನಿ ಕೊಡುತ್ತದೆ. ಐತಾಳರಿಗೆ ಬೇಕಾಗಿದ್ದದ್ದು ಆಯಾ ಮನುಷ್ಯನ ಹಳೆಯ ದನಿಯನ್ನೇ ಹೊರಡಿಸುವ ರೀಡು. ಅದಕ್ಕಾಗಿ ಪಟ್ಟಿಯ ಮೈಮೇಲೆ ಕೂದಲಿಗಿಂತ ಸಣ್ಣ ಏರುತಗ್ಗುಗಳಿರಬೇಕು, ಅವು ಒಬ್ಬೊಬ್ಬರಿಗೂ ಬೇರೆ ಇರಬೇಕು.

ಸೆರಾಮಿಕ್ಕನ್ನು ಪುಡಿಯಿಂದ ಮಾಡಿದರೆ ಅಷ್ಟು ಸೂಕ್ಷ್ಮ ಬರುವುದಿಲ್ಲ. ಐತಾಳರು ಪಾಲಿಮರಿನಿಂದ ಶುರು ಮಾಡಿದರು. ಜೇನಿನಷ್ಟು ಮಂದದ ಒಂದು ದ್ರವ, ಅದರಲ್ಲಿ ಸಿಲಿಕಾನ್, ಸಾರಜನಕ, ಇಂಗಾಲ. ಬೇಕಾದ ಆಕಾರಕ್ಕೆ ಅಚ್ಚು ಹಾಕಿ ಬೆಳಕು ಬಿಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ನಿಧಾನವಾಗಿ ಸಾವಿರ ಡಿಗ್ರಿಗೆ ಕಾಯಿಸಬೇಕು. ಒಳಗಿನ ಜಲಜನಕ, ಮೀಥೇನುಗಳೆಲ್ಲ ಹೊರಬಿದ್ದು, ಪಟ್ಟಿ ಕಾಲುಭಾಗ ಕುಗ್ಗಿ, ಕೊನೆಗೆ ಕಪ್ಪು ಸೆರಾಮಿಕ್ ಉಳಿಯುತ್ತದೆ. ಬರೆದ ಗೆರೆಯೊಂದೂ ಅಳಿಸಿರುವುದಿಲ್ಲ. ತೊಂದರೆ ಒಂದೇ. ಅನಿಲ ಹೊರಬಿದ್ದ ದಾರಿಯಲ್ಲೆಲ್ಲ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಸೆಕೆಂಡಿಗೆ ನೂರಾರು ಸಲ ನಡುಗುವ ಪಟ್ಟಿ ಅಂಥ ತೂತಿನಿಂದಲೇ ಬಿರುಕು ಬಿಟ್ಟು ಒಡೆಯುತ್ತದೆ. ಮೊದಲ ರೀಡುಗಳು ಒಂದು ವಾರವೂ ಬಾಳಲಿಲ್ಲ.

ತೂತು ಮುಚ್ಚುವುದು ನನ್ನ ಪ್ರೆಸ್ಸಿನ ಕೆಲಸ. ರೀಡನ್ನು ತೆಳ್ಳನೆಯ ಗಾಜಿನ ಕುಪ್ಪಿಯಲ್ಲಿಟ್ಟು ಒಳಗೆ ಇಳಿಸುತ್ತೇವೆ. ಮೊದಲು ಕಾಯಿಸಿ, ಗಾಳಿ ಎಳೆದು, ಉಳಿದಿರುವ ಅನಿಲವನ್ನೆಲ್ಲ ಬಿಡಿಸಬೇಕು. ಆಮೇಲೆ ಬಿಸಿ ಏರಿಸಿದರೆ ಗಾಜು ಮೆತ್ತಗಾಗಿ ರೀಡಿಗೆ ಸುತ್ತಲೂ ಅಂಟಿಕೊಂಡು ಮುಚ್ಚಿಬಿಡುತ್ತದೆ. ಆಗ ಆರ್ಗಾನ್ ಅನಿಲ ತುಂಬಿ, ಹದಿನಾಲ್ಕುನೂರು ಡಿಗ್ರಿಯಲ್ಲಿ, ನಾವು ಹೊತ್ತಿರುವ ಗಾಳಿಯ ಭಾರದ ಎರಡು ಸಾವಿರ ಪಟ್ಟು ಒತ್ತಡ ಕೊಡುತ್ತೇವೆ. ಮೇಲಿನಿಂದ ಕೆಳಗಿನಿಂದ ಮಾತ್ರವಲ್ಲ, ಎಲ್ಲ ಕಡೆಯಿಂದಲೂ ಸಮನಾಗಿ. ತೂತುಗಳೆಲ್ಲ ಮುಚ್ಚಿ ಪಟ್ಟಿ ದಟ್ಟವಾಗುತ್ತದೆ. ಇದರಲ್ಲಿ ಆಪರೇಟರಿನ ಜಾಣತನ ಇರುವುದು ಒಂದೇ ಕಡೆ: ಗಾಜು ಮುಚ್ಚುವ ಗಳಿಗೆ. ಅನಿಲ ಹೊರಬರುತ್ತಿರುವ ತನಕ ಮಾಪಕದ ಮುಳ್ಳು ಸಣ್ಣಗೆ ನಡುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆ ಮುಚ್ಚಬೇಕು. ಮೊದಲೇ ಮುಚ್ಚಿದರೆ ಅನಿಲ ಒಳಗೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ, ಅಂಥದ್ದನ್ನು ಯಾವ ಒತ್ತಡವೂ ಸರಿ ಮಾಡಲಾರದು. ಕಂಪ್ಯೂಟರ್ ಇದನ್ನೂ ಹೇಳುತ್ತದೆ. ನಾನು ಮಾತ್ರ ಮುಳ್ಳನ್ನೇ ನಂಬುತ್ತೇನೆ, ಐತಾಳರು ನನ್ನನ್ನು ನಂಬುತ್ತಿದ್ದರು.

ರೀಡಿಗಾಗಿ ಹೆಸರು ಬರೆಸಿದವರು ನಲವತ್ತು ಮಂದಿ. ಹಿರಿಯೂರಿನ ಒಬ್ಬ ಮೇಷ್ಟರು, ಒಬ್ಬ ಬಸ್ ಕಂಡಕ್ಟರು, ತರಕಾರಿ ಮಾರುವ ಹೆಂಗಸರು. ಮೊದಲ ಪ್ರಯೋಗ ನಿಮ್ಮ ಮೇಲೇ ಆಗಲಿ ಎಂದು ಐತಾಳರು ನನಗೆ ಹೇಳಿದ ದಿನ ನಾನು ಸ್ಲೇಟಿನ ಮೇಲೆ ಏನು ಬರೆದೆನೋ ನೆನಪಿಲ್ಲ. ಒಂದು ಅಕ್ಷರವೂ ಓದಲಾಗಲಿಲ್ಲವೆಂದು ಅವರು ಆಮೇಲೆ ನಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಊರಿನವರೊಡನೆ ಹರಟೆಯಲ್ಲ. ಅಕ್ಕನನ್ನು ಕರೆಯಬೇಕು, ಅವಳಿಗೆ ಇದು ರುದ್ರಿ ಎಂದು ಗೊತ್ತಾಗಬೇಕು. ಅಷ್ಟೇ ಆಸೆ.

ಹಳೆಯ ದನಿಯ ಧ್ವನಿಮುದ್ರಣ ಬೇಕು ಅಂದರು. ಹುಡುಕಿದರೆ ಒಂದೂ ಇಲ್ಲ. ನನ್ನದು ಹುಟ್ಟಾ ಗೊಗ್ಗರು ದನಿ, ಶಾಲೆಯಲ್ಲಿ ಹುಡುಗಿಯರು ಕಪ್ಪೆ ಅನ್ನುತ್ತಿದ್ದರು. ಹಾಡು ಹೇಳಲು ಯಾರೂ ಕರೆಯಲಿಲ್ಲ, ಮದುವೆಯ ವಿಡಿಯೊ ಇಲ್ಲ, ಏಕೆಂದರೆ ಮದುವೆಯೇ ಇಲ್ಲ. ಎಲ್ಲರಿಗೂ ಒಟ್ಟಿಗೇ ಹೊಳೆದದ್ದು ಗೋಡೆಯ ಮೇಲಿನ ಸ್ಪೀಕರು. ಒತ್ತಡ ಏರುತ್ತಿದೆ. ಮೂರು ವಾಕ್ಯ ಸಾಕು ಎಂದರು ಐತಾಳರು.

ನನ್ನ ರೀಡು ಪ್ರೆಸ್ಸಿಗೆ ಇಳಿದ ದಿನ ನಾನು ನಾನಾಗಿರಲಿಲ್ಲ. ಮುಳ್ಳು ನಡುಗುತ್ತಿತ್ತು. ಹತ್ತು ನಿಮಿಷ ಕಾದೆ, ಇಪ್ಪತ್ತು ಕಾದೆ. ನಿಂತ ಹಾಗೆ ಕಾಣಿಸಿತು. ನಿಂತಿರಲಿಲ್ಲ, ನನಗೆ ಹಾಗೆ ಕಾಣಬೇಕಿತ್ತು. ಬಿಸಿ ಏರಿಸಿ ಮುಚ್ಚಿಬಿಟ್ಟೆ. ಹನ್ನೊಂದು ವರ್ಷದಲ್ಲಿ ಮುಳ್ಳಿಗೆ ಕಾಯದೆ ಮುಚ್ಚಿದ್ದು ಅದೊಂದೇ ಸಲ. ಹೊರತೆಗೆದು ಎಕ್ಸ್-ರೇ ಹಿಡಿದರೆ ಒಳಗೆ ಸಾಲುಸಾಲು ಗುಳ್ಳೆ. ಐತಾಳರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಮಾಡೋಣ ಬಿಡಿ ಅಂದರು. ಅದು ಬೈಗುಳಕ್ಕಿಂತ ಚುರುಕಾಗಿ ತಾಗಿತು. ಕೆಟ್ಟ ರೀಡನ್ನು ಕಸಕ್ಕೆ ಹಾಕುವುದು ಕ್ರಮ. ನಾನು ಹಾಕಲಿಲ್ಲ, ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ. ನನ್ನ ತಪ್ಪನ್ನು ನಾನೇ ಎಸೆಯಲು ಮನಸ್ಸು ಬರಲಿಲ್ಲ.

ಎರಡನೆಯದು ಚೆನ್ನಾಗಿ ಬಂತು. ಎಕ್ಸ್-ರೇಯಲ್ಲಿ ಒಂದು ಚುಕ್ಕೆಯೂ ಇಲ್ಲ. ಯಂತ್ರದಲ್ಲಿಟ್ಟು ಮೂರು ವಾರ ಎಡೆಬಿಡದೆ ನಡುಗಿಸಿದರು, ಒಂದು ಬಿರುಕಿಲ್ಲ. ಐತಾಳರು ಮಾಡಿದ ಲೆಕ್ಕದ ಪ್ರಕಾರ ನಾನು ನೂರು ವರ್ಷ ಜಗಳವಾಡಿದರೂ ಅದು ಬಾಳುತ್ತದೆ. ಜರಡಿಯಂಥ ಸಣ್ಣ ಡಬ್ಬಿಯಲ್ಲಿ ಅದನ್ನು ಕೂರಿಸಿ, ಕುತ್ತಿಗೆಗೆ ಪಟ್ಟಿ ಕಟ್ಟಿ, ನಳಿಕೆಯನ್ನು ಬಾಯಿಯ ಮೂಲೆಗೆ ಇಟ್ಟರು. ಎಲ್ಲರೂ ಪ್ರೆಸ್ಸಿನ ಹಾಲಿನಲ್ಲಿ ಸೇರಿದ್ದರು. ಉಸಿರು ಬಿಟ್ಟು, ‘ನಾನು ರುದ್ರಮ್ಮ’ ಅಂದೆ. ದನಿ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಹೊರಟಿತು. ಹಿಂದೆ ನಿಂತಿದ್ದ ಇಬ್ಬರು ಟೆಕ್ನೀಷಿಯನ್ನರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಬಾಗಿಲ ಕಡೆ ನಡೆದುಬಿಟ್ಟರು. ನಾಲ್ಕು ಹೆಜ್ಜೆ ಹೋದ ಮೇಲೆ ಅವರಿಗೇ ತಿಳಿದು ನಾಚಿಕೊಂಡರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿಗೂ ಸದ್ದಿತ್ತು, ಅದನ್ನು ಕೇಳಿ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನವೇ ಐತಾಳರು ಜೀಪಿನಲ್ಲಿ ಮನೆಗೆ ಕರೆದುಕೊಂಡು ಬಂದರು. ಅಕ್ಕ ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದಳು. ಅವಳು ನನ್ನ ಹೆಜ್ಜೆ ಗುರುತಿಸುತ್ತಾಳೆ. ಅವತ್ತು ಜೀಪಿನ ಸದ್ದು, ಎರಡು ಜೊತೆ ಕಾಲು, ಗೊತ್ತಾಗಿರಲಿಕ್ಕಿಲ್ಲ. ಮೆಟ್ಟಿಲಲ್ಲೇ ನಿಂತು, ‘ಅಕ್ಕ, ಊಟ ಮಾಡ್ದಾ?’ ಅಂದೆ.

ಅಕ್ಕ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ಸರಿದಳು. ‘ಬನ್ನಿ, ಕುತ್ಕಳಿ’ ಅಂದಳು. ‘ನಮ್ ರುದ್ರಿ ಡ್ಯೂಟಿಗೆ ಹೋಗ್ಯಾಳೆ, ಸಂಜಿಗೆ ಬತ್ತಾಳೆ. ತಾವು ಯಾರು ಅಂತ ಗೊತ್ತಾಗಲಿಲ್ಲ.’

ನಾನೇ ರುದ್ರಿ ಎಂದು ಹೇಳಿದೆ, ಹೊಸ ದನಿ ಹಾಕಿದ್ದಾರೆ ಎಂದು ಹೇಳಿದೆ, ಐತಾಳರೂ ವಿವರಿಸಿದರು. ಅವಳು ಕೈ ಚಾಚಿ ನನ್ನ ಬೆರಳು ಮುಟ್ಟಿ ನೋಡಿದಳು, ಪ್ರೆಸ್ಸಿನಲ್ಲಿ ಸುಟ್ಟುಕೊಂಡ ಹೆಬ್ಬೆರಳಿನ ಗುರುತು ನೋಡಿದಳು. ಕೈ ಬಿಡಲಿಲ್ಲ, ಆದರೆ ಮುಖ ಆಚೆ ತಿರುಗಿಸಿಕೊಂಡಿದ್ದಳು. ಐತಾಳರು ಹೋದ ಮೇಲೆ ಮೆಲ್ಲಗೆ ಹೇಳಿದಳು.

‘ಕೈ ನಮ್ ರುದ್ರೀದೇ. ಮಾತು ಯಾರ್ದೋ. ತೆಗೆದಿಡು ಕಣೆ ಅದ್ನ. ನೀನು ಸುಮ್ಕಿದ್ರೆ ನೀನೇ ಅಂತ ಅನ್ನಿಸ್ತೈತೆ. ಮಾತಾಡಿದ್ರೆ ನನ್ ತಂಗಿ ಮನಿಯಾಗೆ ಇಲ್ಲ ಅನ್ನಿಸ್ತೈತೆ.’

ತೆಗೆದಿಟ್ಟೆ. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ನಲವತ್ತು ಜನ ಕಾಯುತ್ತಿರುವ ವಸ್ತುವನ್ನು ತಂದು ಮುಂದಿಟ್ಟರೆ ಈ ಮುದುಕಿ ಬೇಡ ಅನ್ನುತ್ತಾಳಲ್ಲ ಎಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಹಾಸಿಗೆಗೆ ಬಿದ್ದ ಮೇಲೆ ಸಿಟ್ಟು ಇಳಿದು ದುಃಖ ಉಳಿಯಿತು. ಮರುದಿನದಿಂದ ಮತ್ತೆ ತೋಳು ತಟ್ಟುವುದು ಶುರುವಾಯಿತು. ಒಂದು, ಎರಡು, ಮೂರು.

ಎಲ್ಲಿ ತಪ್ಪಿತು ಎಂದು ಕಂಡುಹಿಡಿದವರು ಐತಾಳರೇ. ಹಳೆಯ ಕಡತ ತೆಗೆದು ನೋಡಿದರೆ, ಅಂದಿನ ಇಂಜಿನಿಯರು ನನ್ನ ಧ್ವನಿಮುದ್ರಣವನ್ನು ತಿದ್ದಿ ಹಾಕಿದ್ದರು. ಕಂಪ್ರೆಸರಿನ ಗದ್ದಲದಲ್ಲಿ ಗೊಗ್ಗರು ದನಿ ಕೇಳಿಸುವುದಿಲ್ಲವೆಂದು ಗೊಗ್ಗರನ್ನು ಪೂರ್ತಿ ತೆಗೆದು, ಸ್ವರ ಏರಿಸಿದ್ದರು. ಮೂಲ ಎಲ್ಲೂ ಉಳಿದಿಲ್ಲ. ಹನ್ನೊಂದು ವರ್ಷ ದಿನವೂ ಕೇಳಿದ ನನಗೆ ಅದು ತಿಳಿಯಬಾರದೇ ಎಂದು ನೀವು ಕೇಳಬಹುದು. ನನಗೂ ಆ ದನಿ ಯಾವತ್ತೂ ನನ್ನದು ಅನ್ನಿಸಿರಲಿಲ್ಲ. ತಮ್ಮ ದನಿ ಸ್ಪೀಕರಿನಲ್ಲಿ ಎಲ್ಲರಿಗೂ ಹಾಗೇ ಕೇಳುತ್ತದೆ ಎಂದು ಯಾರೋ ಅಂದರು, ನಂಬಿಕೊಂಡಿದ್ದೆ. ಐತಾಳರು ನನ್ನ ಗೊಗ್ಗರನ್ನು ಕೇಳಿದವರೇ ಅಲ್ಲ, ಕೇಳಿದ್ದ ಹಳಬರಿಗೂ ಎರಡು ವರ್ಷದಿಂದ ನನ್ನ ದನಿಯೆಂದು ದಿನವೂ ಕೇಳಿಸುತ್ತಿದ್ದದ್ದು ಅದೊಂದೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಸ್ವರ ಇಳಿಸಿ ಇನ್ನೊಂದು ಮಾಡಬಹುದಲ್ಲ ಎಂದು ಸ್ಲೇಟಿನಲ್ಲಿ ಬರೆದೆ. ಐತಾಳರು ಕಾಗದದ ಮೇಲೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ಸ್ವರ ಇಳಿಸಬಹುದು, ಗೊಗ್ಗರು ತರಲಾಗದು. ದಟ್ಟವಾದ ಪಟ್ಟಿ ಒಂದೇ ಹದದಲ್ಲಿ ನಡುಗುತ್ತದೆ, ಅದರಿಂದ ಶುದ್ಧ ಸ್ವರವೇ ಬರುವುದು. ಗೊಗ್ಗರು ಬೇಕಾದರೆ ಪಟ್ಟಿ ಅಲ್ಲಲ್ಲಿ ದುರ್ಬಲವಿರಬೇಕು. ದುರ್ಬಲವಿದ್ದರೆ ಒಡೆಯುತ್ತದೆ. ‘ಬಾಳಿಕೆ ಬರುವುದನ್ನು ಮಾಡಲು ಎಂಟು ವರ್ಷ ತೆಗೆದುಕೊಂಡೆ ರುದ್ರಮ್ಮ,’ ಅಂದರು, ‘ಅದು ಯಾರ ದನಿಯೂ ಆಗುವುದಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.’ ಪಾಪ ಅನ್ನಿಸಿತು. ಉಳಿದ ಮೂವತ್ತೊಂಬತ್ತು ಮಂದಿಗೆ ಅಷ್ಟು ಗೊಗ್ಗರಿಲ್ಲ, ಅವರಿಗೆ ಇದು ಸಾಕಾದೀತು ಎಂದು ಬರೆದು ಸಮಾಧಾನ ಮಾಡಿದೆ.

ಅದಾಗಿ ಒಂದು ವಾರಕ್ಕೆ ಡ್ರಾಯರು ನೆನಪಾಯಿತು. ಹಗಲು ಹನ್ನೊಂದು ಗಂಟೆ, ಪ್ರೆಸ್ಸು ಒತ್ತಡ ಹಿಡಿದು ಕೂತಿತ್ತು, ಹಾಲಿನಲ್ಲಿ ಯಾರೂ ಇಲ್ಲ. ಗುಳ್ಳೆ ಬಿದ್ದ ಆ ಮೊದಲ ರೀಡನ್ನು ಡಬ್ಬಿಗೆ ಕೂರಿಸಿ ಕುತ್ತಿಗೆಗೆ ಕಟ್ಟಿಕೊಂಡೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ‘ಅಕ್ಕ’ ಅಂದೆ.

ಕಪ್ಪೆ ಬಂತು. ನನ್ನ ಕಪ್ಪೆ. ಗುಳ್ಳೆಗಳು ಪಟ್ಟಿಯನ್ನು ಮೆತ್ತಗೆ ಮಾಡಿ ಸ್ವರ ಇಳಿಸಿದ್ದವು, ಒಂದೊಂದು ಕಡೆ ಒಂದೊಂದು ತರ ನಡುಗಿಸಿ ಗೊಗ್ಗರು ಕೊಟ್ಟಿದ್ದವು. ಇನ್ನೊಂದು ಮಾತು ಹೊರಡದ ಹಾಗೆ ಕುತ್ತಿಗೆಯ ಪಟ್ಟಿ ಕಿತ್ತು ತೆಗೆದೆ. ಆಮೇಲೆ ಕಂಟ್ರೋಲ್ ರೂಮಿನ ನೆಲದ ಮೇಲೆ ಕೂತು ಅತ್ತೆ. ಅಳುವಾಗ ನನಗೆ ಸದ್ದಿಲ್ಲ, ಕುತ್ತಿಗೆಯ ತೂತಿನಲ್ಲಿ ಗಾಳಿ ಮಾತ್ರ ಆಡುತ್ತದೆ.

ಐತಾಳರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆ ಅಲ್ಲಾಡಿಸಿದರು. ಒಂದೇ ಮಾತಿಗೆ ಎರಡು ಗುಳ್ಳೆಗಳ ನಡುವೆ ಕೂದಲೆಳೆ ಬಿರುಕು ಹೊರಟಿತ್ತು. ಒಂದು ಗಂಟೆ ಅಂದುಕೊಳ್ಳಿ, ಹತ್ತು ನಿಮಿಷಕ್ಕೇ ಹೋದರೂ ಹೋಯಿತು ಅಂದರು. ಇಂಥದೇ ಇನ್ನೊಂದು ಮಾಡಲು ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಕುದಿಯುವ ಹಾಲಿನಲ್ಲಿ ಯಾವ ಗುಳ್ಳೆ ಎಲ್ಲಿ ಏಳುತ್ತದೆಂದು ಹೇಳುವುದು ಯಾರಿಂದಾದೀತು? ದನಿಯನ್ನು ಮುದ್ರಿಸಿ ಇಟ್ಟುಕೊಳ್ಳೋಣವೇ ಎಂದು ಅವರು ಕೇಳಿದರು. ವಿಜ್ಞಾನಿಗೆ ಆ ಆಸೆ ಸಹಜ. ಬೇಡ ಎಂದು ಬರೆದೆ. ಇರುವ ಒಂದು ಗಂಟೆಯಲ್ಲಿ ಮೈಕಿಗೆ ಕೊಡಲು ನನ್ನಲ್ಲಿ ಒಂದು ನಿಮಿಷವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನಿಗೆ ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ, ಅವಳು ಮೊರದಲ್ಲಿ ಶೇಂಗಾ ಇಟ್ಟುಕೊಂಡು ಕೂತ ಮೇಲೆ ಎದುರಿಗೆ ಕೂತೆ. ಹೇಳಬೇಕಾದ್ದನ್ನೆಲ್ಲ ವಾರವಿಡೀ ಸ್ಲೇಟಿನಲ್ಲಿ ಪಟ್ಟಿ ಮಾಡಿಕೊಂಡಿದ್ದೆ. ಎರಡನೆಯ ಗಟ್ಟಿ ರೀಡನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆ, ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕುತ್ತಿಗೆಗೆ ಗುಳ್ಳೆಯ ರೀಡು ಕಟ್ಟಿಕೊಂಡೆ. ‘ಅಕ್ಕ, ನಾನು’ ಅಂದೆ.

ಅವಳ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ‘ಇನ್ನೊಂದ್ ಸಲ ಅನ್ನು’ ಅಂದಳು. ಅಂದೆ. ಅವಳು ಮೊರ ದಾಟಿ ಕೈ ಚಾಚಿ ನನ್ನ ಗಲ್ಲ ಹಿಡಿದುಕೊಂಡಳು.

‘ಎಲ್ಲಿ ಹೋಗಿದ್ಯೆ ಇಷ್ಟು ದಿನ?’

ಎರಡು ವರ್ಷ ದಿನವೂ ಅವಳ ಎದುರಿಗೇ ಇದ್ದವಳಿಗೆ ಕೇಳುವ ಪ್ರಶ್ನೆಯಲ್ಲ. ಆದರೆ ನನಗೂ ಎಲ್ಲಿಂದಲೋ ವಾಪಸು ಬಂದ ಹಾಗೇ ಅನ್ನಿಸಿತು. ಎಲ್ಲೂ ಹೋಗಿರಲಿಲ್ಲ ಅಂದೆ. ಈ ದನಿ ಒಡೆದುಹೋಗುವಂಥದ್ದು, ಒಂದು ಗಂಟೆ ಇದ್ದರೆ ಹೆಚ್ಚು, ಆಮೇಲೆ ಇಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟೆ. ಅಕ್ಕ ನನ್ನ ಗಲ್ಲದಿಂದ ಕೈ ತೆಗೆದಳು. ಆಮೇಲೆ ಸರಿ ಬಿಡು ಎಂದು ಮತ್ತೆ ಶೇಂಗಾ ಸುಲಿಯತೊಡಗಿದಳು.

ಕೃಷ್ಣಮೃಗದ ಮರಿಯ ಕತೆ ಹೇಳಿದೆ. ಅದು ಕೊನೆಗೂ ಎದ್ದು ನಿಂತಿತೇ ಎಂದು ಕೇಳಿದಳು. ನಿಂತಿತು ಅಂದೆ. ಸ್ಲೇಟಿನ ಪಟ್ಟಿಯಲ್ಲಿದ್ದದ್ದರಲ್ಲಿ ನಾನು ಹೇಳಿದ್ದು ಅದೊಂದೇ. ಆಮೇಲೆ ಮಾತು ಅವಳ ಕೈಗೆ ಹೋಯಿತು. ಎರಡು ವರ್ಷದಿಂದ ಕೂಡಿಟ್ಟುಕೊಂಡಿದ್ದಳೋ ಏನೋ, ಒಂದೇ ಸಮನೆ ಶುರು ಮಾಡಿದಳು. ಮಿಲ್ಲಿನಲ್ಲಿ ಜೊತೆಗಿದ್ದ ಗೌರಕ್ಕ ಬಂದು ಹೋದದ್ದು, ಗೌರಕ್ಕನ ಮಗಳು ಮನೆ ಕಟ್ಟಿಸುತ್ತಿರುವುದು, ಪಕ್ಕದ ಮನೆಯವರ ಹುಂಜ ನಮ್ಮ ಬಾಗಿಲಲ್ಲೇ ಬಂದು ಕೂಗುವುದು, ನಾನು ಸಾರಿಗೆ ಬೆಳ್ಳುಳ್ಳಿ ಕಡಿಮೆ ಹಾಕುವುದು. ಪ್ರತಿ ಸಂಗತಿಯ ನಡುವೆ ಒಂದು ಕ್ಷಣ ನಿಲ್ಲಿಸುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ, ಮುಂದುವರಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ನನ್ನ ಸುದ್ದಿಯಲ್ಲ, ಆ ಹೂಂ. ಇದು ನನಗೆ ಎರಡು ವರ್ಷದಲ್ಲಿ ಹೊಳೆದಿರಲಿಲ್ಲ. ನನ್ನ ದನಿಯ ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ಹೂಂ ಅನ್ನುವುದರಲ್ಲೇ ಹೋಯಿತು. ನನಗೆ ಒಂದಿಷ್ಟೂ ಬೇಜಾರಿಲ್ಲ.

ಮಾತಿನ ನಡುವೆ ದನಿ ಎರಡು ಮೂರು ಸಲ ಸೀಳಿತು. ಅಕ್ಕನಿಗೂ ಕೇಳಿಸಿತು. ಗೌರಕ್ಕನ ಮಗಳ ಮನೆಗೆ ಹಾಸುಗಲ್ಲು ಎಲ್ಲಿಂದ ತರಿಸಿದರೆಂದು ಹೇಳುತ್ತಿದ್ದವಳು ಅಲ್ಲಿಗೆ ನಿಲ್ಲಿಸಿದಳು. ಮೊರ ಕೆಳಗಿಟ್ಟಳು.

‘ಒಂದ್ ಕೇಳ್ತೀನಿ. ಆಪರೇಷನ್ನಿಗೆ ಹೋಗೋ ಹಿಂದಿನ್ ದಿನ ರಾತ್ರಿ ನೀನು ನನ್ ಹತ್ರ ಬಂದು ನಿಂತಿದ್ದೆ. ಅಕ್ಕ ಅಂದೆ. ನಂಗೆ ನಿದ್ದಿಗಣ್ಣು. ಹೋಗಿ ಮಲಿಕ್ಕಳೆ, ನಾಳೆ ಹೇಳೀವಂತೆ ಅಂತ ನಾನಂದೆ. ನಾಳೆಗೆ ನಿನ್ ಮಾತೇ ಇಲ್ದಂಗಾಯ್ತು. ಏನ್ ಹೇಳಾಕೆ ಬಂದಿದ್ದೆ ಅವತ್ತು?’

ಎರಡು ವರ್ಷ ಇದನ್ನು ಇಟ್ಟುಕೊಂಡು ಕೂತಿದ್ದಾಳೆ. ಕತ್ತಲೆಯಲ್ಲಿ, ಸದ್ದಿಲ್ಲದ ಮನೆಯಲ್ಲಿ, ತಂಗಿಯ ಕೊನೆಯ ಮಾತನ್ನು ತಾನೇ ತಡೆದೆನೆಂದುಕೊಂಡು. ನಾನೇನೂ ಆಸ್ತಿಪಾಸ್ತಿಯ ವಿಷಯ ಹೇಳಲು ಹೋಗಿರಲಿಲ್ಲ. ‘ಅವತ್ತು ನಾನು ಬಂದಿದ್ದು ಯಾಕಂದ್ರೆ ಅಕ್ಕ’ ಎಂದು ಶುರು ಮಾಡಿದೆ. ಡಬ್ಬಿಯೊಳಗೆ ಟಿಕ್ ಅಂತ ಒಂದು ಸಣ್ಣ ಸದ್ದಾಯಿತು. ಬಾಯಲ್ಲಿ ಬರೀ ಗಾಳಿ ಬಂತು.

ಅಕ್ಕ ಕಾದಳು. ಮುಖ ನನ್ನ ಕಡೆಗೇ ಇತ್ತು, ರೆಪ್ಪೆ ಬಡಿಯುತ್ತಿತ್ತು. ‘ಹೋಯ್ತಾ?’ ಎಂದು ಕೇಳಿದಳು. ಅದಕ್ಕೆ ನಮ್ಮಲ್ಲಿ ಯಾವ ತಟ್ಟುವಿಕೆಯೂ ಇರಲಿಲ್ಲ. ಡಬ್ಬಿ ಬಿಚ್ಚಿ, ಒಡೆದ ಎರಡು ಚೂರನ್ನು ಅವಳ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಸವರಿ ನೋಡಿ ಮುಷ್ಟಿ ಮುಚ್ಚಿಕೊಂಡಳು.

ಆಗ ಗಟ್ಟಿ ರೀಡು ತೆಗೆದೆ. ಬೆರಳಿನಿಂದ ಎರಡು ಸಲ ಜಾರಿತು. ಕೂರಿಸಿ, ಪಟ್ಟಿ ಬಿಗಿದು, ನಳಿಕೆ ಬಾಯಿಗಿಟ್ಟುಕೊಳ್ಳಲು ಐದು ನಿಮಿಷವಾದರೂ ಹಿಡಿದಿರಬೇಕು. ಅಷ್ಟೂ ಹೊತ್ತು ಅಕ್ಕ ಕಾದಳು. ಅರ್ಧಕ್ಕೆ ನಿಂತ ಮಾತು ನಮ್ಮಿಬ್ಬರ ನಡುವೆ ಹಾಗೇ ಇತ್ತು. ನಾನು ಮೊದಲಿನಿಂದ ಶುರು ಮಾಡಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೇಳಿದೆ.

‘ನಂಗೆ ಹೆದರ್ಕೆ ಆಗಿತ್ತು. ನಿನ್ ಪಕ್ಕ ಮಲಿಕ್ಕಳ್ಳಲಾ ಅಂತ ಕೇಳಾಕೆ ಬಂದಿದ್ದೆ.’

ಆ ದನಿಯಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸುವ ದನಿ ಅದು, ಅದಕ್ಕೆ ಬೇರೇನೂ ಬಾರದು. ಅಕ್ಕ ಸೆರಗು ಎಳೆದುಕೊಂಡಾಳು, ಆಚೆ ತಿರುಗಿಯಾಳು ಎಂದು ನೋಡುತ್ತಿದ್ದೆ.

‘ಅಷ್ಟಕ್ಕೆ ಕೇಳ್ಬೇಕಿತ್ತೇನೆ’ ಅಂದಳು ಅಕ್ಕ. ‘ಬಂದು ಮಲಿಕ್ಕಳೋದಲ್ವಾ.’

ಮೂಗು ಒರೆಸಿಕೊಂಡು, ಮೊರವನ್ನು ಪಕ್ಕಕ್ಕೆ ತಳ್ಳಿ, ಕೈ ಹಿಡಿದು ನನ್ನನ್ನು ತನ್ನ ಕಡೆ ಎಳೆದುಕೊಂಡಳು. ಒಡೆದ ಚೂರುಗಳು ಅವಳ ಇನ್ನೊಂದು ಮುಷ್ಟಿಯಲ್ಲೇ ಇದ್ದವು. ಅವಳ ತೊಡೆಯ ಮೇಲೆ ತಲೆಯಿಟ್ಟೆ. ಹೊರಗೆ ಬಿಸಿಲೇರಿತ್ತು, ಪಕ್ಕದ ಮನೆಯ ಹುಂಜ ಬಾಗಿಲಲ್ಲೇ ಕೆದಕುತ್ತಿತ್ತು. ನನ್ನ ದನಿ ಇನ್ನೆಂದಿಗೂ ಇಲ್ಲ ಎಂಬುದು ಆಗ ನಿಜವಾಗಿ ತಿಳಿಯಿತು. ಅದನ್ನು ಕೊನೆಗೆ ಕೇಳಿದವಳು ಇವಳೇ ಎಂಬುದೊಂದೇ ಸಮಾಧಾನ.

ಸ್ವಲ್ಪ ಹೊತ್ತು ಕಳೆದ ಮೇಲೆ ಅಕ್ಕ ಗೌರಕ್ಕನ ಮಗಳ ಮನೆಯ ವಿಷಯಕ್ಕೆ ವಾಪಸು ಹೋದಳು. ಹಾಸುಗಲ್ಲನ್ನು ಶಹಾಬಾದಿನಿಂದ ತರಿಸಿದ್ದಾರಂತೆ, ಅಷ್ಟು ದೂರದಿಂದ, ಲಾರಿಯಲ್ಲಿ ಅರ್ಧ ಒಡೆದೇ ಬಂದವಂತೆ. ಅಲ್ಲಿ ಒಂದು ಕ್ಷಣ ನಿಲ್ಲಿಸಿದಳು.

ಹೂಂ ಅಂದೆ, ಆ ದನಿಯಲ್ಲೇ.

ಅಕ್ಕ ಮುಂದುವರಿಸಿದಳು.